ಹಾಕತ್ತೂರಿನ ತಿರುವು ಮತ್ತು ಒಣಗದ ಕೈಗವಸು

ಕೊಡಗಿನ ಕೈಲ್ ಮುಹೂರ್ತದ ಹಬ್ಬದೂಟದ ಸುಸ್ತೆಲ್ಲ ಕಳೆದು ಶಾಲೆ ಮತ್ತೆ ಹದಕ್ಕೆ ಬಂದಿದ್ದ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಎಂಟೂವರೆಯ ಹೊತ್ತಿಗೆ, ಹಾಕತ್ತೂರು ದಾಟಿ ಮೂರ್ನಾಡಿನ ಕಡೆಗೆ ಹೋಗುವಾಗ ಸಿಗುವ ಒಂದು ಬಲತಿರುವಿನಲ್ಲಿ ನಾನು ಬೈಕಿನಿಂದ ಬಿದ್ದೆ. ವೇಗ ಗಂಟೆಗೆ 30 ಕಿಲೋಮೀಟರ್ ಇದ್ದಿರಬಹುದು, ಅದಕ್ಕಿಂತ ಹೆಚ್ಚಂತೂ ಇರಲಿಲ್ಲ. ಬೈಕಿನ ಬ್ರೇಕ್ ಲಿವರ್ ಬಾಗಿತು, ಬಲಗಡೆಯ ಇಂಡಿಕೇಟರ್ ಒಡೆಯಿತು, ಕನ್ನಡಿ ತಿರುಗಿ ಆಕಾಶ ನೋಡತೊಡಗಿತು, ಅಷ್ಟೇ. ನನಗೂ ದೊಡ್ಡದೇನೂ ಆಗಿಲ್ಲವೆಂದೇ ಮೊದಲ ದಿನ ಕೇಳಿದವರಿಗೆಲ್ಲ ಹೇಳಿಕೊಂಡು ಬಂದೆ. ಆದರೆ ಬಲಗೈ ಮುಂದಿನ ಒಂಬತ್ತು ವಾರವನ್ನು ಪ್ಲಾಸ್ಟರಿನೊಳಗೆ ಕಳೆಯಬೇಕಾಯಿತು. ಎಡಗೈಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುವುದನ್ನು ಕಲಿಯುತ್ತಿದ್ದ ಆ ದಿನಗಳಲ್ಲಿ, ಮೈಯ ಯಾವ ಭಾಗಕ್ಕೆ ಏನಾಯಿತು, ಯಾವುದಕ್ಕೆ ಏನೂ ಆಗಲಿಲ್ಲ, ಯಾಕೆ ಎಂದು ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೇಕೇರಿಯ ಬಳಿಯ ಮನೆಯಿಂದ ಮೂರ್ನಾಡಿನ ಆಚೆಗಿರುವ ಶಾಲೆಗೆ ಹನ್ನೆರಡು ವರ್ಷಗಳಿಂದ ಅದೇ ರಸ್ತೆಯಲ್ಲಿ ಹೋಗಿಬರುತ್ತಿದ್ದೇನೆ. ಆ ತಿರುವು ನನಗೆ ಹೊಸದಲ್ಲ. ಎರಡೂ ಕಡೆ ತೋಟ, ಮೇಲೆ ಸಿಲ್ವರ್ ಓಕ್ ಮರಗಳ ಚಪ್ಪರ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅಕ್ಟೋಬರ್ ಕಳೆಯುವವರೆಗೆ ಅಲ್ಲಿಗೆ ಬಿಸಿಲು ನೆಟ್ಟಗೆ ಬೀಳುವುದಿಲ್ಲ. ಟಾರಿನ ಅಂಚಿಗೆ ಪಾಚಿ ಹಿಡಿದಿರುತ್ತದೆ. ಸಿಲ್ವರ್ ಓಕಿನ ಎಲೆ ಬೇಗ ಕೊಳೆಯುವ ಜಾತಿಯದಲ್ಲ. ಅದು ಗಾಡಿಗಳ ಚಕ್ರಕ್ಕೆ ಸಿಕ್ಕಿ ಅರೆದುಹೋಗಿ, ತೋಟದ ಗೇಟಿನಿಂದ ನೀರಿನ ಜೊತೆ ಇಳಿದುಬರುವ ಕೆಂಪು ಗೋಡಿನೊಂದಿಗೆ ಬೆರೆತು, ರಸ್ತೆಯ ಮೇಲೆ ತೆಳ್ಳಗೆ ಬಳಿದ ಹಾಗೆ ಕೂತುಬಿಡುತ್ತದೆ. ನೋಡಿದರೆ ಒದ್ದೆ ರಸ್ತೆಯಂತೆಯೇ ಕಾಣುತ್ತದೆ, ಕಾಲಿಟ್ಟರೆ ಮಾತ್ರ ಗೊತ್ತಾಗುತ್ತದೆ. ಅಲ್ಲಿಯ ಮೋರಿ ಕಟ್ಟಿಕೊಂಡರೆ ನೀರು ರಸ್ತೆಯನ್ನೇ ದಾಟಿ ಹರಿಯುತ್ತದೆ. ಇವೆಲ್ಲ ಗೊತ್ತಿದ್ದರಿಂದಲೇ ನಾನು ಅಲ್ಲಿ ನಿಧಾನ ಮಾಡುತ್ತಿದ್ದೆ, ಅಂದೂ ಮಾಡಿದ್ದೆ. ಗೊತ್ತಿರುವ ಜಾಗದಲ್ಲಿ ಬೀಳುವುದಿಲ್ಲ ಎಂಬ ಒಂದು ನಂಬಿಕೆ ಮನಸ್ಸಿನಲ್ಲಿ ಎಲ್ಲೋ ಇತ್ತು ಎಂದು ಈಗ ಅನ್ನಿಸುತ್ತದೆ.

ಎದುರಿನಿಂದ ತೋಟಕ್ಕೆ ಆಳುಗಳನ್ನು ಕರೆದೊಯ್ಯುವ ಒಂದು ಪಿಕಪ್ ಬಂತು. ತಿರುವಿನಲ್ಲಿ ಅದು ನನ್ನ ಬದಿಗೆ ಒಂದು ಅಡಿಯಷ್ಟು ಬಂದಿತ್ತು. ನಮ್ಮ ಕಡೆಯ ರಸ್ತೆಯ ಅಗಲಕ್ಕೆ ಅದನ್ನು ತಪ್ಪು ಎನ್ನಲೂ ಬಾರದು. ಬೈಕ್ ಆಗಲೇ ಬಲಕ್ಕೆ ವಾಲಿತ್ತು. ಹೆದರಿಕೆಗೆ ನನ್ನ ಬಲಗೈಯ ಬೆರಳುಗಳು ಮುಂದಿನ ಬ್ರೇಕನ್ನು ಒತ್ತಿದವು. ಒತ್ತಬೇಕೋ ಬೇಡವೋ ಎಂದು ಯಾರೂ ನನ್ನನ್ನು ಕೇಳಲಿಲ್ಲ, ಬೆರಳುಗಳೇ ತೀರ್ಮಾನಿಸಿದವು. ಮುಂಚಕ್ರ ಎಡಕ್ಕೆ ಜಾರಿದ್ದಷ್ಟೇ ನೆನಪು, ಮರುಕ್ಷಣದಲ್ಲಿ ನಾನು ಬಲಮಗ್ಗುಲಾಗಿ ನೆಲದ ಮೇಲಿದ್ದೆ. ಬೈಕ್ ನನಗಿಂತ ಮುಂದೆ ಜಾರುತ್ತ ಚರಂಡಿಯ ಕಡೆ ಹೋಯಿತು. ನಾನೂ ಅದರ ಹಿಂದೆ ಹೋದೆ. ತಿರುವಿನಲ್ಲಿ ಜಾರಿದ ಗಾಡಿ ಹೊರಮಗ್ಗುಲಿಗೆ ಹೋಗುತ್ತದೆ. ಅದು ಬಲತಿರುವಾದದ್ದರಿಂದ ನಾನು ಹೋದದ್ದು ರಸ್ತೆಯ ಎಡ ಅಂಚಿಗೆ. ಎಡತಿರುವಾಗಿದ್ದರೆ ಪಿಕಪ್ಪಿನ ಚಕ್ರಕ್ಕೇ ಹೋಗುತ್ತಿದ್ದೆ. ಇದು ನನಗೆ ಹೊಳೆದದ್ದು ಎರಡು ದಿನ ಬಿಟ್ಟು, ರಾತ್ರಿ ಮಲಗಿದ್ದಾಗ. ಆಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ವಿಜ್ಞಾನ ಕಲಿಸುವವನಾದ್ದರಿಂದ ಘರ್ಷಣೆಯ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಟೈರಿಗೂ ರಸ್ತೆಗೂ ನಡುವೆ ಸಿಗುವ ಹಿಡಿತವನ್ನು ಒಂದು ತಿಂಗಳ ಸಂಬಳ ಎಂದುಕೊಳ್ಳಬಹುದು. ತಿರುವು ತೆಗೆದುಕೊಳ್ಳುವುದಕ್ಕೂ ಅದರಿಂದಲೇ ಖರ್ಚು, ಬ್ರೇಕಿಗೂ ಅದರಿಂದಲೇ ಖರ್ಚು. ಒಣರಸ್ತೆಯಲ್ಲಿ ಸಂಬಳ ದೊಡ್ಡದು, ಎರಡೂ ಖರ್ಚು ಹೇಗೋ ಸರಿದೂಗುತ್ತದೆ. ಎಲೆಗೋಡು ಬಳಿದ ರಸ್ತೆಯಲ್ಲಿ ತಿರುವಿನ ಖರ್ಚಿಗೇ ಕೈ ಬರಿದಾಗಿರುವಾಗ ಬ್ರೇಕ್ ಬಂದು ಕೈಚಾಚಿದರೆ ಚಕ್ರ ಜಾರದೆ ಬೇರೆ ದಾರಿಯಿಲ್ಲ. ನನ್ನ ಬೈಕಿನ ಮುಂಚಕ್ರಕ್ಕೆ ಎಬಿಎಸ್ ಇದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಅದು ಕಡ್ಡಾಯವಾಗಿದೆ. ಆದರೆ ಸಾಧಾರಣ ಎಬಿಎಸ್ ಮಾಡುವುದು ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ನಿಲ್ಲದಂತೆ ನೋಡಿಕೊಳ್ಳುವ ಕೆಲಸವನ್ನು ಮಾತ್ರ. ವಾಲಿದ ಬೈಕಿನ ಚಕ್ರ ಪಕ್ಕಕ್ಕೆ ಜಾರುವುದನ್ನು ಅದು ತಡೆಯಲಾರದು.

ಪಿಕಪ್ ನಿಂತಿತು. ಅದರ ಡ್ರೈವರ್ ನನ್ನನ್ನು ಬಲ್ಲವನೇ, ಅವನ ಮಗಳು ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಾಳೆ. “ಎಂತ ಆಯ್ತು ಮೇಷ್ಟ್ರೇ, ಏಳ್ಬೇಡಿ, ಹಾಗೇ ಇರಿ” ಎನ್ನುತ್ತ ಓಡಿಬಂದ. ಹಿಂದೆ ಕೂತಿದ್ದ ಹೆಂಗಸರೂ ಇಳಿದರು. ಗಾಬರಿಯಲ್ಲಿ ಒಬ್ಬಾಕೆ ನನ್ನ ಹೆಲ್ಮೆಟನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆಯತೊಡಗಿದರು, ಇನ್ನೊಬ್ಬರು ನೀರಿನ ಬಾಟಲಿ ತೆರೆದು ಬಾಯಿಗೆ ಹಿಡಿದರು. ಇಬ್ಬರದೂ ಒಳ್ಳೆಯ ಮನಸ್ಸು, ಆದರೆ ಎರಡೂ ಮಾಡಬಾರದ ಕೆಲಸ. ಬಿದ್ದವನ ಕತ್ತಿನ ಮೂಳೆಗೆ ಪೆಟ್ಟಾಗಿದ್ದರೆ ಹೆಲ್ಮೆಟ್ ಎಳೆಯುವ ಆ ಒಂದು ಜಗ್ಗಾಟ ಸಾಕು, ಮುಂದಿನದೆಲ್ಲ ಕೆಡಲು. ಉಸಿರಾಟ ಸರಿಯಿದ್ದು, ಮಾತಾಡುತ್ತಿದ್ದರೆ ಅದನ್ನು ಹಾಗೇ ಬಿಟ್ಟು ಮುಖದ ಮುಂದಿನ ಪಾರದರ್ಶಕ ವಿಸರ್ ಮಾತ್ರ ಎತ್ತುವುದು ಕ್ಷೇಮ. ಉಸಿರಿಗೆ ತೊಂದರೆಯಾಗಿ ತೆಗೆಯಲೇಬೇಕಾದಾಗ ಒಬ್ಬರು ತಲೆ ಮತ್ತು ಕತ್ತನ್ನು ಅಲುಗದಂತೆ ಹಿಡಿದಿರಬೇಕು, ಇನ್ನೊಬ್ಬರು ಮೆಲ್ಲಗೆ ತೆಗೆಯಬೇಕು. ನೀರೂ ಅಷ್ಟೇ, ಪೂರ್ತಿ ಎಚ್ಚರವಿಲ್ಲದವನಿಗೆ ಕುಡಿಸಿದರೆ ಶ್ವಾಸಕ್ಕೆ ಹೋಗಬಹುದು. ನನಗೆ ಎಚ್ಚರವಿತ್ತು, “ಬೇಡ ಅಕ್ಕಾ, ನಾನೇ ತೆಗೀತೇನೆ” ಎಂದೆ. ಬೆರಳು, ಕಾಲು, ಕತ್ತು ಒಂದೊಂದಾಗಿ ಅಲುಗಿಸಿ ನೋಡಿ, ಎಡಗೈಯಲ್ಲಿ ಬಕಲ್ ಬಿಚ್ಚಿದೆ. ಬಲಗೈಯ ಹೆಬ್ಬೆರಳು ಬಕಲಿನ ಮಾತು ಕೇಳಲಿಲ್ಲ, ಅದನ್ನು ಆಗ ಗಮನಿಸಿದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ, ಹೆಂಡತಿ ಅರಿಸಿನ ಹಿಡಿದುಕೊಂಡು ಬಯ್ಯುತ್ತಿರುವಾಗಲೇ, ಆ ದಿನ ತೊಟ್ಟದ್ದನ್ನೆಲ್ಲ ಜಗಲಿಯ ಮೇಲೆ ಹರಡಿ ನೋಡಿದೆ. ಹೆಲ್ಮೆಟ್ ಮುಖಪೂರ್ತಿ ಮುಚ್ಚುವ ಬಗೆಯದು. ಅದರ ಗದ್ದದ ಪಟ್ಟಿಯ ಬಲಭಾಗದಲ್ಲಿ ಬೆರಳುದ್ದದ ಗೀರುಗಳು, ಗೀರಿನೊಳಗೆ ಕೆಂಪುಮಣ್ಣು, ಒಂದೆಡೆ ಅಕ್ಕಿಕಾಳಿನಷ್ಟು ದೊಡ್ಡ ಜಲ್ಲಿಯ ಚೂರು ಕಚ್ಚಿಕೊಂಡೇ ಕೂತಿತ್ತು. ತಲೆಯ ಮೇಲ್ಭಾಗ ಮಾತ್ರ ಮುಚ್ಚುವ ಅರ್ಧ ಹೆಲ್ಮೆಟ್ ಹಾಕಿದ್ದರೆ ಆ ಗೀರುಗಳು ನನ್ನ ದವಡೆಯ ಮೇಲೆ ಇರುತ್ತಿದ್ದವು. ರೈಡಿಂಗ್ ಜಾಕೆಟಿನ ಬಲಮೊಣಕೈ ಬಳಿ ಬಟ್ಟೆ ಉಜ್ಜಿ ಬಿಳಿಚಿಕೊಂಡಿತ್ತು, ತೂತಾಗಿರಲಿಲ್ಲ. ಒಳಗಿನ ಪ್ಯಾಡಿನ ಕೆಳಗೆ ಮೊಣಕೈಯಲ್ಲಿ ಒಂದು ನೀಲಿ ಗುರುತು ಕೂಡ ಕಾಣಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಎಲ್ಲರೂ ಹಾಕುವ ಗಮ್‌ಬೂಟನ್ನೇ ನಾನೂ ಹಾಕಿದ್ದೆ, ಶಾಲೆಯ ಚಪ್ಪಲಿ ಚೀಲದಲ್ಲಿತ್ತು. ಗಮ್‌ಬೂಟ್ ಮೋಟಾರ್‌ಸೈಕಲಿಗೆ ಮಾಡಿದ್ದಲ್ಲ, ಪಾದದ ಗಂಟಿಗೆ ಅದು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಆದರೂ ಅದರ ಒಳಮಗ್ಗುಲಲ್ಲಿ ಒಂದು ರೂಪಾಯಿ ನಾಣ್ಯದಷ್ಟು ರಬ್ಬರ್ ಕರಗಿ ಮೆತ್ತಿಕೊಂಡಿತ್ತು, ಸೈಲೆನ್ಸರ್ ತಗುಲಿದ ಜಾಗ ಅದು. ಹವಾಯಿ ಚಪ್ಪಲಿಯಲ್ಲಿ ಹೋಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ನಮ್ಮೂರಲ್ಲಿ ಎಷ್ಟೋ ಜನರ ಕಾಲಿನ ಮೇಲೆ ಸಾಕ್ಷಿ ಇದೆ.

ಇನ್ನು ಏನೂ ಇಲ್ಲದಿದ್ದ ಜಾಗಗಳು. ಮೊಣಕಾಲಿಗೆ ಟೆರಿಕಾಟ್ ಪ್ಯಾಂಟು ಬಿಟ್ಟರೆ ಬೇರೇನೂ ಇರಲಿಲ್ಲ. ನೀ ಗಾರ್ಡ್ ಇತ್ತು, ಮನೆಯ ಬೀರುವಿನಲ್ಲಿ. ಮೊಣಕಾಲಿನ ಚರ್ಮ ಅಂಗೈಯಗಲ ಹೋಗಿತ್ತು. ನೋವಿಗಿಂತ ಬೇಸರ ಹುಟ್ಟಿಸಿದ್ದು ಇನ್ನೊಂದು ವಿಷಯ: ಉಜ್ಜಿದ ಬಿಸಿಗೆ ಆ ನೂಲಿನ ಎಳೆಗಳು ಕರಗಿ ಗಾಯದೊಳಗೆ ಅಂಟಿಕೊಂಡಿದ್ದವು, ಆಸ್ಪತ್ರೆಯಲ್ಲಿ ನರ್ಸಮ್ಮ ಚಿಮಟ ಹಿಡಿದು ಒಂದೊಂದೇ ಎಳೆ ಕೀಳುವಾಗ ನಾನು ಗೋಡೆಯ ಮೇಲಿನ ಲಸಿಕೆಯ ಭಿತ್ತಿಪತ್ರವನ್ನು ಮೂರು ಸಲ ಪೂರ್ತಿ ಓದಿದೆ. ಅಂಗೈಗೂ ಏನೂ ಇರಲಿಲ್ಲ.

ಕೈಗವಸಿನ ಕಥೆ ಕೊಡಗಿನವರಿಗೆ ಬೇಗ ಅರ್ಥವಾದೀತು. ನನ್ನ ಬಳಿ ಒಳ್ಳೆಯ ಜೊತೆಯೇ ಇತ್ತು, ಅಂಗೈ ಬುಡದಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಗುಬ್ಬಿ, ಅಂದರೆ ಉಬ್ಬಿದ ನುಣುಪು ಬಿಲ್ಲೆ, ಇರುವಂಥದು. ಹಿಂದಿನ ಸಂಜೆ ಮಳೆಯಲ್ಲಿ ನೆನೆದು ಬಂದಿದ್ದೆ. ನಮ್ಮಲ್ಲಿ ಆ ತಿಂಗಳುಗಳಲ್ಲಿ ಒದ್ದೆಯಾದದ್ದು ತಾನಾಗಿ ಒಣಗುವುದೆಂಬುದಿಲ್ಲ. ಬಚ್ಚಲುಮನೆಯ ಹಂಡೆ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಕಾಲುಚೀಲ, ಮಕ್ಕಳ ಯೂನಿಫಾರಂ, ಸ್ವೆಟರುಗಳ ಜೊತೆ ಅದನ್ನೂ ನೇತುಹಾಕಿದ್ದೆ. ಬೆಳಿಗ್ಗೆ ಮುಟ್ಟಿ ನೋಡಿದರೆ ಬೆರಳುಗಳ ಒಳಗೆ ಇನ್ನೂ ಚಳಿನೀರು. “ರೀ, ಹಾಕ್ಕೊಂಡು ಹೋಗಿ, ದಾರಿಯಲ್ಲಿ ಒಣಗ್ತದೆ” ಎಂದಳು ಹೆಂಡತಿ. “ಮೂರ್ನಾಡಿಗೆ ಹೋಗೋದಕ್ಕೆ ಗ್ಲೌಸ್ ಯಾಕೆ” ಎಂದೆ. ಮಡಿಕೇರಿಯಿಂದ ಮೈಸೂರಿಗೆ ಹೋಗುವ ದಿನವಾಗಿದ್ದರೆ ಒದ್ದೆಯದನ್ನೇ ಹಾಕಿಕೊಂಡು ಹೋಗುತ್ತಿದ್ದೆ, ಇದು ನಿಜ.

ಬೀಳುವವನು ಕೈ ಊರುತ್ತಾನೆ. ಮಗು ನಡೆಯಲು ಕಲಿಯುವಾಗಿನಿಂದ ಬಂದ ಅಭ್ಯಾಸ ಅದು, ಐವತ್ತರ ಹತ್ತಿರವೂ ಬಿಡುವುದಿಲ್ಲ. ಚಾಚಿದ ಅಂಗೈಯ ಬುಡ ನೆಲಕ್ಕೆ ತಾಗಿ ಮಣಿಕಟ್ಟು ಹಿಂದಕ್ಕೆ ಬಾಗಿದಾಗ ಹೆಬ್ಬೆರಳಿನ ಕಡೆಗೆ ಇರುವ ಗೋಡಂಬಿಯಾಕಾರದ ಒಂದು ಸಣ್ಣ ಮೂಳೆ ಪೆಟ್ಟು ತಿನ್ನುತ್ತದೆ, ಸ್ಕೇಫಾಯ್ಡ್ ಎಂದು ಅದರ ಹೆಸರು. ಮಡಿಕೇರಿಯಲ್ಲಿ ನನ್ನನ್ನು ನೋಡಿದ ಮೂಳೆ ಡಾಕ್ಟರರು ಹೆಬ್ಬೆರಳನ್ನು ಮೇಲಕ್ಕೆತ್ತಲು ಹೇಳಿದರು. ಆಗ ಮಣಿಕಟ್ಟಿನ ಹತ್ತಿರ ಎರಡು ನರಗಳಂತೆ ಕಾಣುವ ಸ್ನಾಯುರಜ್ಜುಗಳ ನಡುವೆ ಒಂದು ಸಣ್ಣ ಕುಳಿ ಬೀಳುತ್ತದೆ, ಹಿಂದೆ ನಸ್ಯ ಏರಿಸುವವರು ಚಿಟಿಕೆ ನಸ್ಯ ಇಟ್ಟುಕೊಳ್ಳುತ್ತಿದ್ದ ಜಾಗ. ವೈದ್ಯಶಾಸ್ತ್ರದಲ್ಲೂ ಅದಕ್ಕೆ ನಸ್ಯದ ಡಬ್ಬಿ ಎಂಬ ಅರ್ಥದ ಹೆಸರೇ ಇದೆ. ಅವರು ಬೆರಳಿನ ತುದಿಯಿಂದ ಅಲ್ಲಿ ಒತ್ತಿದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಮನೆಗೆ ಹೋಗಬಹುದೆಂದು ನಾನು ಚೀಲ ಎತ್ತಿಕೊಂಡೆ. ಅವರು ನಕ್ಕು, ಈ ಮೂಳೆಯ ಬಿರುಕು ಮೊದಲ ದಿನ ಎಷ್ಟೋ ಸಲ ಕಾಣುವುದೇ ಇಲ್ಲ ಎಂದು ಹೇಳಿ ಹೆಬ್ಬೆರಳು ಸೇರಿಸಿ ಪಟ್ಟಿ ಕಟ್ಟಿಸಿದರು, ಎರಡು ವಾರ ಬಿಟ್ಟು ಬರಲು ಹೇಳಿದರು. ಎರಡನೆಯ ಚಿತ್ರದಲ್ಲಿ ಕೂದಲೆಳೆಯಂಥ ಗೆರೆ ಸ್ಪಷ್ಟವಾಗಿ ಮೂಡಿತ್ತು. ಆ ಮೂಳೆಗೆ ರಕ್ತ ಹೆಚ್ಚಾಗಿ ಹೋಗುವುದು ಬೆರಳಿನ ಕಡೆಯ ತುದಿಯಿಂದ ಹಿಮ್ಮುಖವಾಗಿ. ನಡುವೆ ಮುರಿದರೆ ಮೊಣಕೈ ಕಡೆಯ ಚೂರಿಗೆ ರಕ್ತ ಸಾಲದೆ ಅದು ಕೂಡಿಕೊಳ್ಳಲು ಬಹಳ ದಿನ ಹಿಡಿಯುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ. ಉಳುಕು ಎಂದುಕೊಂಡು ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಾದವರು ವರ್ಷ ಕಳೆದ ಮೇಲೆ ಮಣಿಕಟ್ಟು ಹಿಡಿದುಕೊಂಡು ಬರುತ್ತಾರೆ ಎಂದು ಅವರು ಹೇಳಿದಾಗ, ಬಿದ್ದ ದಿನ ಸಂಜೆ ನನ್ನ ಅಕ್ಕ ತಂದುಕೊಟ್ಟಿದ್ದ ಎಣ್ಣೆಯ ಸೀಸೆ ನೆನಪಾಯಿತು.

ಆ ಪ್ಲಾಸ್ಟಿಕ್ ಗುಬ್ಬಿಯ ಕೆಲಸ ಇಲ್ಲಿಯೇ. ಬರಿ ಅಂಗೈ ಟಾರಿಗೆ ತಾಗಿದರೆ ಕಚ್ಚಿಕೊಂಡು ನಿಲ್ಲುತ್ತದೆ, ನಿಂತ ಕೈಯ ಮೇಲೆ ಮೈಭಾರವೆಲ್ಲ ಬಂದು ಬೀಳುತ್ತದೆ. ಗುಬ್ಬಿ ಇದ್ದರೆ ಕೈ ಕಚ್ಚಿಕೊಳ್ಳದೆ ಜಾರುತ್ತದೆ, ಭಾರ ಮೊಣಕೈಗೂ ಭುಜಕ್ಕೂ ಹಂಚಿಹೋಗುತ್ತದೆ, ಅಲ್ಲಿ ಪ್ಯಾಡ್ ಕಾಯುತ್ತಿರುತ್ತದೆ. ಕೈಗವಸು ಹಾಕಿದ್ದರೆ ಮೂಳೆ ಖಂಡಿತ ಉಳಿಯುತ್ತಿತ್ತು ಎಂದು ನಾನು ಪ್ರಮಾಣ ಮಾಡಲಾರೆ. ಅಂಗೈಯ ಚರ್ಮವಂತೂ ಉಳಿಯುತ್ತಿತ್ತು.

30 ಕಿಲೋಮೀಟರ್ ವೇಗಕ್ಕೆ ಇಷ್ಟೆಲ್ಲ ಆಗುತ್ತದೆಯೇ ಎಂದು ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದರು. ತಲೆಯ ಮಟ್ಟಿಗೆ ಹೇಳುವುದಾದರೆ ಆ 30ಕ್ಕೆ ಅಷ್ಟು ಮಹತ್ವವೇ ಇಲ್ಲ ಎಂಬುದನ್ನು ಒಂಬತ್ತನೆಯ ತರಗತಿಯ ಪಾಠದಿಂದಲೇ ತೋರಿಸಬಹುದು. ಬೈಕಿನ ಮೇಲೆ ಕೂತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ಯಾವುದೇ ವಸ್ತು ನೆಲ ಮುಟ್ಟುವಾಗ ಸೆಕೆಂಡಿಗೆ 5.4 ಮೀಟರ್ ವೇಗದಲ್ಲಿರುತ್ತದೆ, ಅಂದರೆ ಗಂಟೆಗೆ 19 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಬೈಕ್ ನಿಂತಿದ್ದರೂ ಅಷ್ಟೇ, 80ರಲ್ಲಿ ಹೋಗುತ್ತಿದ್ದರೂ ನೆಲದ ಕಡೆಗಿನ ವೇಗ ಅಷ್ಟೇ. ರಸ್ತೆಯ ವೇಗ ನಿರ್ಧರಿಸುವುದು ಎಷ್ಟು ದೂರ ಉಜ್ಜಿಕೊಂಡು ಹೋಗುತ್ತೇವೆ, ದಾರಿಯಲ್ಲಿ ಏನಕ್ಕೆ ಗುದ್ದುತ್ತೇವೆ ಎಂಬುದನ್ನು. ಆ 5.4 ಮೀಟರ್ ವೇಗವನ್ನು ಹೆಲ್ಮೆಟಿನೊಳಗಿನ ಥರ್ಮಾಕೋಲ್ ಎರಡು ಸೆಂಟಿಮೀಟರ್ ಕುಗ್ಗಿ ನಿಲ್ಲಿಸಿದರೆ ತಲೆಯ ಮೇಲೆ ಬೀಳುವ ಹೊಡೆತ ಗುರುತ್ವದ ಸುಮಾರು 75 ಪಟ್ಟು. ಥರ್ಮಾಕೋಲ್ ಇಲ್ಲದೆ ಎರಡು ಮಿಲಿಮೀಟರಿನೊಳಗೆ ನಿಲ್ಲಬೇಕಾದರೆ ಅದು 750 ಪಟ್ಟು. ಲೆಕ್ಕವನ್ನು ತರಗತಿಗೆ ಬೇಕಾದಷ್ಟು ಸರಳ ಮಾಡಿದ್ದೇನೆ, ನಿಜವಾಗಿ ಬೀಳುವಾಗ ಭುಜ ಮೊದಲು ತಾಗಬಹುದು, ಕತ್ತು ತಡೆಯಬಹುದು. ಆದರೂ ಹತ್ತು ಪಟ್ಟಿನ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಹೊರಗಿನ ಗಟ್ಟಿ ಚಿಪ್ಪಿಗಿಂತ ಒಳಗಿನ ಆ ಬಿಳಿ ಥರ್ಮಾಕೋಲೇ ಹೆಚ್ಚಿನ ಕೆಲಸ ಮಾಡುವುದು. ರಸ್ತೆ ಬದಿಯಲ್ಲಿ ಮುನ್ನೂರು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಚಿಪ್ಪಿನೊಳಗೆ ಬಟ್ಟೆ ಹೊದಿಸಿದ ತೆಳು ಸ್ಪಂಜು ಮಾತ್ರ ಇರುತ್ತದೆ. ಅದು ಪೊಲೀಸರಿಗೆ ತೋರಿಸಲು ಹಾಕುವ ಟೋಪಿ.

ಹೆಲ್ಮೆಟಿನ ಇತಿಹಾಸದಲ್ಲೂ ಇಂಥದೇ ಒಂದು ಮನೆ ಹತ್ತಿರದ ರಸ್ತೆ ಬರುತ್ತದೆ. ಲಾರೆನ್ಸ್ ಆಫ್ ಅರೇಬಿಯಾ ಎಂದು ಹೆಸರಾದ ಟಿ.ಇ. ಲಾರೆನ್ಸ್ 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ತನ್ನ ಮನೆಗೆ ಮರಳುತ್ತಿದ್ದಾಗ, ಸೈಕಲಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್‌ಸೈಕಲಿನಿಂದ ಬಿದ್ದ. ಮರುಭೂಮಿಯ ಯುದ್ಧದಿಂದ ಬದುಕಿ ಬಂದವನು ದಿನವೂ ಓಡಾಡುವ ರಸ್ತೆಯಲ್ಲಿ ಬಿದ್ದು, ಆರು ದಿನ ಎಚ್ಚರವಿಲ್ಲದೆ ಮಲಗಿ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯರೂ ಇದ್ದರು. ಅವರು ಆಮೇಲೆ ಮೋಟಾರ್‌ಸೈಕಲ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ 1941ರಲ್ಲಿ ಹೆಲ್ಮೆಟಿನ ಮಹತ್ವದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಮೋಟಾರ್‌ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ನಲವತ್ತು ವರ್ಷಗಳ ಮೇಲೆ, 1981ರಲ್ಲಿ, ಅಮೆರಿಕದ ಹ್ಯಾರಿ ಹರ್ಟ್ ಲಾಸ್ ಏಂಜಲೀಸ್ ಸುತ್ತಮುತ್ತಲಿನ 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿದ ವರದಿಯಲ್ಲಿ ಹೇಳಿದ್ದೂ ಇದನ್ನೇ: ಹೆಚ್ಚಿನವು ಸಣ್ಣಪುಟ್ಟ ಕೆಲಸಕ್ಕೆ ಹೊರಟ ಚಿಕ್ಕ ಪ್ರಯಾಣಗಳು, ಹೊರಟ ಜಾಗದ ಹತ್ತಿರವೇ ಆದವು. ಅಂಗಡಿಗೆ, ಡೇರಿಗೆ, ನೆಂಟರ ಮನೆಗೆ ಎಂದು ನಾನು ಓದಿಕೊಂಡೆ.

ಶನಿವಾರ ಬಂತೆಂದರೆ ಕುಶಾಲನಗರದ ಕಡೆಯಿಂದ ಬೆಂಗಳೂರಿನ ಹುಡುಗರು ದೊಡ್ಡ ಬೈಕುಗಳಲ್ಲಿ ಸಾಲಾಗಿ ಬರುತ್ತಾರೆ, ತಲೆಯಿಂದ ಕಾಲಿನವರೆಗೆ ರಕ್ಷಣೆಯ ಸಾಮಾನು. ಸುಂಟಿಕೊಪ್ಪದ ಚಹಾದಂಗಡಿಯಲ್ಲಿ ಅವರನ್ನು ನೋಡಿ “ಚಂದ್ರಲೋಕಕ್ಕೆ ಹೊರಟವ್ರ ಹಾಗೆ ಉಂಟು” ಎಂದು ನಕ್ಕವರಲ್ಲಿ ನಾನೂ ಒಬ್ಬ. ನಮ್ಮ ರಸ್ತೆಯನ್ನು ವರ್ಷಕ್ಕೊಮ್ಮೆ ನೋಡುವವರು ಅಷ್ಟು ಹಾಕಿಕೊಂಡು ಬರುತ್ತಾರೆ, ಅದೇ ರಸ್ತೆಯಲ್ಲಿ ದಿನಕ್ಕೆರಡು ಸಲ ಓಡಾಡುವ ನಾವು ಲುಂಗಿ ಎತ್ತಿಕಟ್ಟಿ, ಹೆಲ್ಮೆಟನ್ನು ಮೊಣಕೈಗೆ ನೇತುಹಾಕಿಕೊಂಡು ಹೊರಡುತ್ತೇವೆ. ಪೊಲೀಸರು ನಿಲ್ಲುವ ಜಾಗ ಬಂದಾಗ ಅದು ಮೊಣಕೈಯಿಂದ ತಲೆಗೆ ಏರುತ್ತದೆ, ಬಕಲ್ ಮಾತ್ರ ಆಗಲೂ ಹಾಕುವುದಿಲ್ಲ. ಬಕಲ್ ಹಾಕದ ಹೆಲ್ಮೆಟ್ ಬೀಳುವಾಗ ನಮಗಿಂತ ಮೊದಲು ಹೊರಟುಹೋಗುತ್ತದೆ. ಪುಟ್ಟ ಮಕ್ಕಳನ್ನು ಟ್ಯಾಂಕಿನ ಮೇಲೆ ಬರಿತಲೆಯಲ್ಲಿ ಕೂರಿಸಿಕೊಂಡು ಬರುವ ಪೋಷಕರಿಗೆ ಶಾಲೆಯ ಗೇಟಿನಲ್ಲಿ ನಾನು ಎಷ್ಟೋ ಸಲ ಹೇಳಿದ್ದೇನೆ. ಮೋಟಾರು ವಾಹನ ಕಾಯ್ದೆಯ 129ನೆಯ ಸೆಕ್ಷನ್ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಬೇಕು ಎನ್ನುತ್ತದೆ. “ಇಲ್ಲೇ ಅಲ್ವಾ ಸರ್ ಮನೆ” ಎನ್ನುತ್ತಾರೆ. ಬರಿಗೈಯಲ್ಲಿ ಮೂರ್ನಾಡಿಗೆ ಹೊರಟ ನಾನು ಅವರಿಗೆ ಹೇಳುವುದಕ್ಕೆ ಈಗ ಸ್ವಲ್ಪ ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ.

ನಮ್ಮ ಹವೆಯ ತಕರಾರುಗಳು ಸುಳ್ಳಲ್ಲ. ಮಂಜಿನಲ್ಲಿ ವಿಸರ್ ಒಳಗಿನಿಂದ ಮಸುಕಾಗಿ ದಾರಿಯೇ ಕಾಣದಂತಾಗುತ್ತದೆ. ಅದನ್ನು ಒಂದು ಬೆರಳಿನಷ್ಟು ತೆರೆದಿಡುವುದು, ಇಲ್ಲವೆ ಒಳಗೆ ಅಂಟಿಸುವ ಎರಡನೆಯ ತೆಳು ಹಾಳೆ ಹಾಕಿಸುವುದು, ಇವೆರಡೇ ನನಗೆ ಫಲಕೊಟ್ಟ ಉಪಾಯಗಳು. ಜಾಕೆಟಿಗೆ ಜುಲೈ ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ, ಪ್ಯಾಡುಗಳನ್ನು ತೆಗೆದು ತೊಳೆದು ಮತ್ತೆ ಹಾಕುವಾಗ ಮೊಣಕೈಯದು ಭುಜಕ್ಕೆ ಹೋಗಿ ಕೂತು ಒಮ್ಮೆ ಪೇಚಾಡಿದ್ದೇನೆ. ಹೆಲ್ಮೆಟನ್ನು ಮಾತ್ರ ಯಾರೂ ಒಲೆಯ ಹತ್ತಿರ ಒಣಗಿಸಬಾರದು, ಬಿಸಿಗೆ ಥರ್ಮಾಕೋಲ್ ಕೆಡುತ್ತದೆ. ದುಡ್ಡಿನ ಮಾತೂ ಇದೆ. ನನ್ನ ಜಾಕೆಟಿಗೆ ಏಳು ಸಾವಿರ ಕೊಟ್ಟಾಗ ಮನೆಯಲ್ಲಿ ಒಂದು ವಾರ ಮಾತುಕತೆ ಸರಿಯಿರಲಿಲ್ಲ. ಪ್ಲಾಸ್ಟರ್, ಮೂರು ಎಕ್ಸ್‌ರೇ, ಒಂಬತ್ತು ವಾರ ಬಾಡಿಗೆ ಆಟೋ ಮತ್ತು ಬಸ್ಸಿನ ಖರ್ಚು ಕೂಡಿಸಿದ ಮೇಲೆ ಆ ವಿಷಯ ಯಾರೂ ಎತ್ತಿಲ್ಲ.

ಕೊಳ್ಳುವಾಗ ಬಣ್ಣ ನೋಡುವ ಮೊದಲು ಒಳಗಿನ ಚೀಟಿ ನೋಡಬೇಕೆಂದು ಕಲಿತದ್ದು ಈ ಬಿಡುವಿನಲ್ಲಿಯೇ. ಹೆಲ್ಮೆಟಿಗೆ ನಮ್ಮ ದೇಶದ ಮಾನದಂಡ ಐಎಸ್ 4151. 2021ರ ಜೂನ್ 1ರಿಂದ ಐಎಸ್ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಜಾಕೆಟಿನ ಮೊಣಕೈ, ಭುಜದ ಪ್ಯಾಡುಗಳ ಮೇಲೆ ಇಎನ್ 1621-1 ಎಂಬ ಯುರೋಪಿನ ಸಂಖ್ಯೆ ಅಚ್ಚಾಗಿರುತ್ತದೆ. ಆ ಪರೀಕ್ಷೆಯಲ್ಲಿ ಪ್ಯಾಡಿನ ಮೇಲೆ 50 ಜೂಲ್ ಪೆಟ್ಟು ಹಾಕಿ, ಕೆಳಗೆ ದಾಟಿಹೋಗುವ ಬಲವನ್ನು ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್‌ಗಿಂತ ಹೆಚ್ಚಾಗದಿದ್ದರೆ ಒಂದನೆಯ ಹಂತ, 20 ದಾಟದಿದ್ದರೆ ಎರಡನೆಯ ಹಂತ. ಸಂಖ್ಯೆಯೇ ಇಲ್ಲದ ಪ್ಯಾಡನ್ನು ಬೆರಳಿನಲ್ಲಿ ಅದುಮಿ ನೋಡಿದರೆ ಹೆಚ್ಚಿನ ಸಲ ಅದು ಹಾಸಿಗೆಯ ಸ್ಪಂಜೇ ಆಗಿರುತ್ತದೆ. ಅಳತೆಯಂತೂ ಮೈಗೆ ಬಿಗಿಯಾಗಿ ಕೂರಬೇಕು. ಒಳಗೆ ಸ್ವೆಟರ್ ಹಾಕಲೆಂದು ಒಂದು ಸೈಜ್ ದೊಡ್ಡದು ಕೊಂಡರೆ ಬೀಳುವಾಗ ಪ್ಯಾಡು ತಿರುಗಿ ಮೊಣಕೈ ಬರಿದಾಗುತ್ತದೆ. ಭಾವನವರು ಹೊಸದಾಗಿ ಕೊಂಡದ್ದು ಹಾಗೇ ಇದೆ, ಅವರಿಗೆ ಇನ್ನೂ ಹೇಳಿಲ್ಲ.

ಪೆಟ್ಟು ತಿಂದ ಹೆಲ್ಮೆಟನ್ನು ಮತ್ತೆ ಹಾಕುವಂತಿಲ್ಲ, ಒಮ್ಮೆ ಕುಗ್ಗಿದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ಅದನ್ನು ಎಸೆಯಲು ಮನಸ್ಸಾಗದೆ ಶಾಲೆಗೆ ತೆಗೆದುಕೊಂಡು ಹೋದೆ. ಎಡಗೈಯಲ್ಲಿ ಗರಗಸ ಹಿಡಿಯಲು ನನಗಾಗದೆ, ನಮ್ಮ ಅಟೆಂಡರ್ ಅದನ್ನು ನಡುವೆ ಕೊಯ್ದುಕೊಟ್ಟರು. ಬಲಗಿವಿಯ ಮೇಲೆ, ನನಗೆ ಪೆಟ್ಟಾದದ್ದೇ ನೆನಪಿಲ್ಲದ ಜಾಗದಲ್ಲಿ, ಥರ್ಮಾಕೋಲ್ ಒಂದು ಕೋಳಿಮೊಟ್ಟೆಯಗಲ ತಗ್ಗಾಗಿ, ಕಾಳುಗಳು ಒಂದಕ್ಕೊಂದು ಒತ್ತಿಕೊಂಡು ನುಣ್ಣಗೆ ಹೊಳೆಯುತ್ತಿತ್ತು. ಗದ್ದದ ಗೀರನ್ನು ಮಾತ್ರ ನೋಡಿ ತೃಪ್ತಿಪಟ್ಟಿದ್ದ ನನಗೆ ಅದನ್ನು ಕಂಡು ಕೈಕಾಲು ತಣ್ಣಗಾಯಿತು. ಮಕ್ಕಳು ಒಬ್ಬೊಬ್ಬರಾಗಿ ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟು ನೋಡಿದರು. ಪಿಕಪ್ ಡ್ರೈವರನ ಮಗಳು ಅದನ್ನೂ ನನ್ನ ಪ್ಲಾಸ್ಟರನ್ನೂ ನೋಡಿ, “ಸರ್, ಕೈಗೆ ಹಾಕೋದು ಇರ್ಲಿಲ್ವಾ ನಿಮ್ಮ ಹತ್ರ?” ಎಂದು ಕೇಳಿದಳು. ಇತ್ತು, ಒಣಗಿರಲಿಲ್ಲ ಎಂದೆ. ತರಗತಿಗೆ ತರಗತಿಯೇ ನಕ್ಕಿತು. ಒಣಗದ ಯೂನಿಫಾರಂ ಹಾಕಿಕೊಂಡು ಬರುವ ಮಕ್ಕಳು ಅವರು.

ಪ್ಲಾಸ್ಟರ್ ಬಿಚ್ಚಿದ್ದು ನವೆಂಬರ್ ಕೊನೆಯ ಹೊತ್ತಿಗೆ, ತೋಟಗಳಲ್ಲಿ ಅರೇಬಿಕಾ ಹಣ್ಣು ಕೊಯ್ಯಲು ತೊಡಗಿದ್ದರು. ಆಕ್ಸಿಲರೇಟರ್ ತಿರುಗಿಸಿದರೆ ಮಣಿಕಟ್ಟು ಇನ್ನೂ ಸಣ್ಣಗೆ ಗೊಣಗುತ್ತದೆ. ಮಡಿಕೇರಿಯಿಂದ ಎರಡನೆಯ ಜೊತೆ ಕೈಗವಸು ತಂದಿದ್ದೇನೆ. ಒದ್ದೆಯಾದದ್ದು ಹಂಡೆ ಒಲೆಯ ಮೇಲಿನ ಹಗ್ಗದಲ್ಲಿ, ಒಣಗಿದ್ದು ಬಾಗಿಲ ಪಕ್ಕದ ಮೊಳೆಯಲ್ಲಿ, ಬೈಕಿನ ಕೀಲಿಯೂ ಅದೇ ಮೊಳೆಯಲ್ಲಿ, ಕೈಗವಸಿನ ಹಿಂದೆ.